ಮೀಠೀ ನದಿಯ ತಪ್ಪೇನು?

ಮಳೆಗಾಲ ಬಂತೆಂದರೆ ಕುರ್ಲಾ, ಕಲೀನಾ, ಸಾಯನ್ ಕಡೆಯ ನಮ್ಮವರು ಅಕ್ಕಿಯ ಡಬ್ಬ, ಮಕ್ಕಳ ಪುಸ್ತಕಗಳನ್ನು ಅಟ್ಟಕ್ಕೇರಿಸುತ್ತಾರೆ. ನೀರು ಒಳನುಗ್ಗಿದರೆ ಕೇಳಿಬರುವ ದೂರು ಎರಡೇ: ಒಂದು ವರುಣನ ಮೇಲೆ, ಇನ್ನೊಂದು ನದೀತೀರದ ಝೋಪಡಿಗಳ ಮೇಲೆ. ಈ ಎರಡನ್ನೂ ನಾವು ಒಪ್ಪಲಾರೆವು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ಮಳೆಗೆ ಯಾವ ನಗರವೂ ಮುಳುಗೀತು, ನಿಜ. ಆದರೆ ಅದರ ಕಾಲುಪಾಲು ಸುರಿದ ದಿನವೂ ಕುರ್ಲಾ ಮುಳುಗುವುದೇಕೆ?

ಲೆಕ್ಕ ಸರಳವಾಗಿದೆ. ಗಂಟೆಗೆ 25 ಮಿಲಿಮೀಟರ್ ಮಳೆ ಬರುತ್ತದೆ, ಅದರಲ್ಲಿ ಅರ್ಧ ನೆಲಕ್ಕಿಂಗಿ ಉಳಿದರ್ಧ ಹರಿಯುತ್ತದೆ ಎಂದೆಣಿಸಿ ಮುಂಬಯಿಯ ಹಳೆಯ ಮಳೆನೀರಿನ ಚರಂಡಿಗಳನ್ನು ಕಟ್ಟಲಾಗಿತ್ತು. ಆಗ ಮಣ್ಣಿತ್ತು, ಹುಲ್ಲಿತ್ತು. ಈಗ ಎಲ್ಲೆಲ್ಲೂ ಡಾಂಬರು, ಕಾಂಕ್ರೀಟು. ಇಂಗಬೇಕಾದ ಅರ್ಧವೂ ಚರಂಡಿಗೇ ಬಂದರೆ, ಮಳೆ ಒಂದು ಹನಿಯೂ ಹೆಚ್ಚದೆ ಹರಿಯುವ ನೀರು ಇಮ್ಮಡಿಯಾಗುತ್ತದೆ. ಅದೂ ನಿಧಾನವಾಗಿ ಅಲ್ಲ, ಒಮ್ಮೆಲೇ.

ಇನ್ನು ನದಿಯ ಗತಿ ನೋಡಿ. ವಿಹಾರ, ಪವಾಯಿ ಕೆರೆಗಳ ಕೋಡಿನೀರಿನಿಂದ ಹುಟ್ಟುವ ಮೀಠೀ ಸುಮಾರು 18 ಕಿಲೋಮೀಟರ್ ಹರಿದು ಮಾಹಿಮಿನಲ್ಲಿ ಸಮುದ್ರ ಸೇರುತ್ತದೆ. ಮೇಲ್ಗಡೆ ಪವಾಯಿಯ ಗುಡ್ಡಗಳಲ್ಲಿ ವಸತಿಸಮುಚ್ಚಯಗಳೆದ್ದವು. ನಡುವೆ ವಿಮಾನನಿಲ್ದಾಣಕ್ಕಾಗಿ ನದಿಯನ್ನೇ ತಿರುಗಿಸಿ ಓಡುದಾರಿಯ ಕೆಳಗೆ ತೂರಿಸಲಾಯಿತು. ಕೆಳಗಡೆ, ಉಬ್ಬರವು ನದಿಯ ಬಾಯಿ ಕಟ್ಟಿದಾಗ ನೀರು ಹರಡಿ ನಿಲ್ಲಲೆಂದು ಇದ್ದ ಕಾಂಡ್ಲಾ ಜೌಗನ್ನು ತುಂಬಿ ಬಾಂದ್ರಾ–ಕುರ್ಲಾ ಸಂಕೀರ್ಣ ಕಟ್ಟಿದ್ದಾಯಿತು. ಝೋಪಡಿಯವನು ದಂಡೆಯ ನಾಲ್ಕಡಿ ತಿಂದಿರಬಹುದು. ಜೌಗನ್ನು ನುಂಗಿದವರು ನಕಾಶೆ, ಮೊಹರು, ಸಹಿ ಸಮೇತ ನುಂಗಿದರು. ಕಡತಗಳ ನಡುವೆಯೇ ಬದುಕುವ ನಮ್ಮಂಥವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಹೂಳೆತ್ತಿ ಗೋಡೆ ಕಟ್ಟಿದರೆ ಸಾಕೆಂಬ ವಾದವೊಂದಿದೆ. ಹೂಳೆತ್ತಲೇಬೇಕು, ಸಂದೇಹವಿಲ್ಲ. ಆದರೆ ನದಿಯ ಅಗಲ ಕಸಿದುಕೊಂಡು ಆಳ ಕೊಡುವ ವ್ಯಾಪಾರ ಸಮುದ್ರದ ಬಳಿ ನಡೆಯದು. ಸಮುದ್ರಮಟ್ಟಕ್ಕಿಂತ ಕೆಳಗೆ ಅಗೆದ ಜಾಗವನ್ನು ಉಬ್ಬರದ ನೀರೇ ಮೊದಲು ತುಂಬುತ್ತದೆ.

ಹೊರನಾಡಿನವರಾದ ನಮಗೇಕೆ ಈ ಊರಿನ ಉಸಾಬರಿ ಎನ್ನಬೇಡಿ. ಬಾಗಿಲಿಗೆ ಬಂದ ನೀರು ಯಾರ ಮಾತೃಭಾಷೆಯನ್ನೂ ಕೇಳುವುದಿಲ್ಲ. ನಮ್ಮ ಸೊಸೈಟಿಯ ಸಭೆಯಲ್ಲಿ ಅಂಗಳಕ್ಕೆಲ್ಲ ಫರಸಿ ಹಾಸುವ ಠರಾವು ಬಂದಾಗ ಕೈಯೆತ್ತಿ ವಿರೋಧಿಸೋಣ. ಮಹಾನಗರಪಾಲಿಕೆಗೆ ಮತ ಕೇಳಲು ಬಂದವರನ್ನು, ಉಳಿದಿರುವ ಕಾಂಡ್ಲಾವನ್ನು, ಮಣ್ಣಿನ ನೆಲವನ್ನು ಹೇಗೆ ಕಾಯುವಿರೆಂದು ಕೇಳೋಣ. ಉತ್ತರ ಕೊಡಲಾರದವರಿಗೆ ನಮ್ಮ ಮತವೂ ಬೇಡ.