ವ್ಯಾಟ್ ಎಷ್ಟು? ಕೇಳಿಯೇ ಲ್ಯಾಪ್‌ಟಾಪ್ ಕೊಳ್ಳಿ!



ಸಾಲ ಮಾಡಿಯೋ ಚೀಟಿ ಎತ್ತಿಯೋ ಮಗಳಿಗೊಂದು ಲ್ಯಾಪ್‌ಟಾಪ್ ಕೊಡಿಸಲು ಬೆಂಗಳೂರಿನ ಎಸ್.ಪಿ. ರೋಡಿಗೆ ಬಂದಿದ್ದೀರಿ. ಅಂಗಡಿಯವರು "ಐ7 ಸಾರ್, ಟಾಪ್ ಮಾಡೆಲ್" ಎನ್ನುತ್ತಾರೆ. ದುಡ್ಡು ಎಣಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಅರ್ಧ ಗಂಟೆ ಬಿಡದೆ ದುಡಿಸಿದರೆ ಈ ಪ್ರೊಸೆಸರ್ ಎಷ್ಟು ವ್ಯಾಟಿನಲ್ಲಿ ನಿಲ್ಲುತ್ತದೆ?

ಐ7 ಎಂಬ ಹೆಸರಷ್ಟರಿಂದ ಇದು ಗೊತ್ತಾಗುವುದಿಲ್ಲ. ಇಂಟೆಲ್‌ನ 12ನೇ ತಲೆಮಾರನ್ನೇ ನೋಡಿ. 1255ಯು, 1260ಪಿ, 12650ಎಚ್ ಮೂರೂ ಐ7ಗಳೇ. ಆದರೆ ಕಂಪನಿ ಹೇಳುವ ಮೂಲ ವಿದ್ಯುತ್ ಮಿತಿ ಮೊದಲನೆಯದಕ್ಕೆ 15 ವ್ಯಾಟ್, ಎರಡನೆಯದಕ್ಕೆ 28, ಮೂರನೆಯದಕ್ಕೆ 45. ಆ 15 ವ್ಯಾಟಿನದೂ ಟರ್ಬೊದಲ್ಲಿ 55ರವರೆಗೆ ಹೀರಬಲ್ಲದು, ನಿಜ. ಅದು ಸ್ವಲ್ಪ ಹೊತ್ತಿನ ಮಾತು. ಚಿಪ್ಪಿನ ಬಿಸಿ 100 ಡಿಗ್ರಿ ಮುಟ್ಟಿತೆಂದರೆ ಸುಟ್ಟುಹೋಗದಿರಲು ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂಗಡಿಯ ಎರಡು ನಿಮಿಷದ ಡೆಮೊದಲ್ಲಿ ಇದೆಲ್ಲ ಕಾಣುವುದಿಲ್ಲ.

ನಮ್ಮ ಬೇಸಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಚಿಪ್ಪಿಗೂ ಕೋಣೆಯ ಗಾಳಿಗೂ ಎಷ್ಟು ಡಿಗ್ರಿ ಅಂತರವಿದೆಯೋ ಅಷ್ಟರಮಟ್ಟಿಗೆ ಶಾಖ ಹೊರಹೋಗುತ್ತದೆ. ಚಿಪ್ಪು 100 ಡಿಗ್ರಿಯಲ್ಲಿದ್ದಾಗ, 25 ಡಿಗ್ರಿಯ ಎಸಿ ಕೋಣೆಯಲ್ಲಿ ಆ ಅಂತರ 75. ರಾಯಚೂರಿನ ಹಾಸ್ಟೆಲಿನಲ್ಲಿ 40 ಡಿಗ್ರಿ ಇದ್ದಾಗ ಬರೀ 60. ಅದೇ ಫ್ಯಾನು, ಅದೇ ಯಂತ್ರ, ಶಾಖ ಹೊರಹಾಕುವ ಶಕ್ತಿಯಲ್ಲಿ ಮಾತ್ರ ಐದರಲ್ಲೊಂದು ಪಾಲು ಖೋತಾ. ಒಂದೇ ಬೆಲೆ ತೆತ್ತು ಬಿಸಿಲೂರಿನ ಮಕ್ಕಳು ಕಡಿಮೆ ವೇಗ ಪಡೆಯುತ್ತಿದ್ದಾರೆ! ಇದನ್ನು ಕೊಳ್ಳುವಾಗಲೇ ಹೇಳಬೇಡವೇ?

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಸರಕಿನ ಗುಣಮಟ್ಟ, ಸಾಮರ್ಥ್ಯ ತಿಳಿಯುವ ಹಕ್ಕನ್ನು ನಮಗೆ ಕೊಟ್ಟಿದೆ. ಸತತ ದುಡಿಮೆಯ ವ್ಯಾಟನ್ನು, ಅದನ್ನು ಅಳೆದಾಗ ಕೋಣೆಯ ಉಷ್ಣಾಂಶ ಎಷ್ಟಿತ್ತು ಎಂಬುದನ್ನು ಡಬ್ಬಿಯ ಮೇಲೆ ಅಚ್ಚು ಮಾಡಿ ಎಂದು ಒತ್ತಾಯಿಸೋಣ. ಕಂಪನಿಯ ಗ್ರಾಹಕ ಸೇವೆಗೆ ಬರೆಯಿರಿ. ಒಬ್ಬರು ಬರೆದರೆ ಸಿದ್ಧ ಉತ್ತರ ಬರುತ್ತದೆ, ಊರಿಗೆ ಊರೇ ಬರೆಯಲಿ. ಒಟ್ಟಿಗೆ ನೂರಾರು ಯಂತ್ರ ಕೊಳ್ಳುವ ಕಾಲೇಜುಗಳು ಟೆಂಡರಿನಲ್ಲೇ ಈ ಷರತ್ತು ಹಾಕಲಿ.

ಅಲ್ಲಿಯವರೆಗೆ ಅಂಗಡಿಯಲ್ಲಿ ನೀವೇ ಪರೀಕ್ಷಿಸಿ. ಭಾರದ ಕೆಲಸವೊಂದನ್ನು ಓಡಲು ಬಿಟ್ಟು ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ಅಲ್ಲಿ ಗಿಗಾಹರ್ಟ್ಸ್ ಲೆಕ್ಕದ ವೇಗ ಕಾಣುತ್ತದೆ. ಮೊದಲ ನಿಮಿಷದಲ್ಲಿ ಎಷ್ಟಿತ್ತು, ಇಪ್ಪತ್ತನೇ ನಿಮಿಷದಲ್ಲಿ ಎಷ್ಟಾಯಿತು, ಬರೆದುಕೊಳ್ಳಿ. ಅಂಗಡಿಯವರು ಅವಸರಪಡಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಈಗಾಗಲೇ ಕೊಂಡಿರುವವರೇ, ಬಿಸಿಯಾಗುತ್ತದೆಂದು ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಡಿ. ಒಳ್ಳೆಯ ರಿಪೇರಿಯವರ ಬಳಿ ಬಿಚ್ಚಿಸಿ. ಫ್ಯಾನಿಗೂ ಅದರ ಮುಂದಿನ ತೆಳು ತಗಡಿನ ಸಾಲಿಗೂ ನಡುವೆ ಧೂಳು, ಕೂದಲು, ಬಟ್ಟೆಯ ಜುಂಗು ಸೇರಿ ಬೂದು ಪದರ ಕಟ್ಟಿರುತ್ತದೆ. ಅದು ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿಸಿ. ಹಾಸಿಗೆ, ದಿಂಬಿನ ಮೇಲಿಟ್ಟು ದುಡಿಸಲೇಬೇಡಿ.

ಇನ್ನೊಂದು ಮಾತು. ವಿದ್ಯುತ್ ಖರ್ಚು ಏರುವುದು ವೇಗವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದ ಪ್ರಮಾಣದಲ್ಲಿ. ವೇಗವನ್ನು ಶೇ. 20 ಏರಿಸಲು ವೋಲ್ಟೇಜನ್ನು ಶೇ. 10 ಹೆಚ್ಚಿಸಬೇಕಾಯಿತು ಎನ್ನಿ, ಶಾಖ ಸುಮಾರು ಶೇ. 45 ಏರುತ್ತದೆ. ಪಾಠದ ಪಿಡಿಎಫ್ ಓದಲು ಆ ವೇಗ ಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಪವರ್ ಮೋಡನ್ನು ಮಿತವ್ಯಯಕ್ಕೆ ಹಾಕಿ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಈ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯ ಮೆಟ್ಟಿಲು ಹತ್ತುವಾಗ ತೆಗೆದು ಕೇಳಿ: ವ್ಯಾಟ್ ಎಷ್ಟು?