ಅರಸ ಬಿದ್ದ, ದಿವಾನ ಉಳಿದ, ಕೇರಿ ಅಲ್ಲೇ ಇದೆ

ಪೋಸ್ಟು ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಮಳವಳ್ಳಿಯಲ್ಲಿ ಒಂದು ಸಭೆ ಮುಗಿಸಿ ಹೊರಗೆ ಟೀ ಕುಡೀತಾ ನಿಂತಿದ್ವಿ. ಮದ್ದೂರು ಕಡೆಯ ಹುಡುಗ ಒಬ್ಬ, ಡಿಗ್ರಿ ಓದ್ತಾ ಇರೋನು, ಕೇಳ್ದ: "ಅಣ್ಣ, ಜನವರಿ ಒಂದಕ್ಕೆ ಕೋರೆಗಾಂವ್ ವಿಜಯೋತ್ಸವ ಮಾಡ್ತೀವಿ. ಅಲ್ಲಿ ನಮ್ಮೋರು ಬ್ರಿಟಿಷರ ಕಡೆ. ನವೆಂಬರಲ್ಲಿ ಟಿಪ್ಪು ಜಯಂತಿಗೂ ಹೋಯ್ತೀವಿ. ಟಿಪ್ಪುನ ಕೊಂದೋರೇ ಬ್ರಿಟಿಷರು. ಹಂಗಾರೆ ನಾವು ಯಾವ ಕಡೆ? ನಮ್ಮೂರಲ್ಲಿ ಇದನ್ನೇ ಕೇಳಿ ನಗ್ತಾರೆ ಕಣಣ್ಣ."

ಅವತ್ತು ಏನೋ ಹೇಳಿ ಕಳಿಸ್ದೆ. ಆದ್ರೆ ಸರಿಯಾದ ಉತ್ತರ ಕೊಡ್ಲಿಲ್ಲ ಅಂತ ಮನಸ್ಸಲ್ಲಿ ಕೊರೀತಾನೇ ಇತ್ತು. ತಮ್ಮಾ, ಇದು ನಿನಗೆ.

ನಾವು ಟೀ ಕುಡಿದ ಮಳವಳ್ಳಿಯಲ್ಲೇ 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೈನ್ಯ ಟಿಪ್ಪುವನ್ನ ಹಿಮ್ಮೆಟ್ಟಿಸ್ತು. ಐದೇ ವಾರ. ಮೇ 4ಕ್ಕೆ ಶ್ರೀರಂಗಪಟ್ಟಣದ ಕೋಟೆ ಒಡೀತು, ಟಿಪ್ಪು ಹೋರಾಡ್ತಾ ಸತ್ತ. ಓದು ಬರಹ ಬಾರದ ಒಬ್ಬ ಸಿಪಾಯಿ, ಹೈದರಾಲಿ, 1761ರಲ್ಲಿ ಕೈಗೆ ತಗೊಂಡ ಅಧಿಕಾರ 38 ವರ್ಷಕ್ಕೆ ಮುಗೀತು.

ಏರಿದ್ದು ಸುಮ್ಮನೆ ಅಲ್ಲ. ಪಾಳೇಗಾರರನ್ನ ಬಗ್ಗಿಸಿದ್ರು. ಕಂದಾಯ ನೇರವಾಗಿ ಖಜಾನೆಗೆ ಬರೋ ಹಾಗೆ ಮಾಡಿದ್ರು. ರಾಕೆಟ್ ಹಾರಿಸಿದ್ರು, ರೇಷ್ಮೆ ತಂದ್ರು. ಕೆಆರ್‌ಎಸ್‌ನಲ್ಲಿ 1794ರ ಒಂದು ಪರ್ಷಿಯನ್ ಶಾಸನ ಇದೆ. ಕಾವೇರಿಗೆ ಕಟ್ಟೆ ಕಟ್ಟಬೇಕು, ಆ ನೀರಲ್ಲಿ ಹೊಸದಾಗಿ ಉತ್ತವನಿಗೆ ಕಂದಾಯದಲ್ಲಿ ಕಾಲುಭಾಗ ಮಾಫಿ, ಭೂಮಿ ಅವನ ಮಕ್ಕಳು ಮರಿಗೂ ನಿಲ್ಲಬೇಕು ಅನ್ನೋದು ಅದರ ಸಾರ. ಅದೇ ಟಿಪ್ಪು ಕೊಡಗಿನವರನ್ನ, ಕರಾವಳಿಯ ಕ್ರೈಸ್ತರನ್ನ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದೂ ಚರಿತ್ರೆಯೇ. ಎರಡನ್ನೂ ಹೇಳೋಕೆ ನಮಗೆ ಭಯ ಇರಬಾರದು.

ಬಿದ್ದಿದ್ದು ಹೆಂಗೆ? ಕೇಳಿದ್ರೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಮೀರ್ ಸಾದಿಕ್. ಒಬ್ಬ ದ್ರೋಹಿ ಸಿಕ್ಕಿಬಿಟ್ರೆ ಚರಿತ್ರೆ ಸಲೀಸು. ಆದ್ರೆ 1792ರಲ್ಲೇ ಅರ್ಧ ರಾಜ್ಯ ಹೋಗಿತ್ತು, 3 ಕೋಟಿ 30 ಲಕ್ಷ ದಂಡ ಬಿದ್ದಿತ್ತು, ಇಬ್ಬರು ಮಕ್ಕಳು ಒತ್ತೆ ಹೋಗಿದ್ರು. ನಿಜಾಮ ಕಂಪನಿ ಜೊತೆಗಿದ್ದ. ಕಂಪನಿಯ ಮದ್ರಾಸ್ ಸೈನ್ಯಕ್ಕೆ ಸೇರಿದ್ದೋರಲ್ಲಿ ಪರಯರೂ ಇದ್ರು. ಊರಲ್ಲಿ ಬೀದಿಗೆ ಬಿಡದೋರಿಗೆ ಕಂಪನಿ ಬಂದೂಕ ಕೊಟ್ಟು ಸಂಬಳ ಕೊಡ್ತು. ಇಂಥವರನ್ನ ಜೊತೆಗೆ ಹಾಕ್ಕೊಂಡೇ ಬ್ರಿಟಿಷರು ಈ ದೇಶ ಗೆದ್ರು ಅಂತ ಬಾಬಾಸಾಹೇಬರೇ ಬರೆದಿದ್ದಾರೆ.

ಇನ್ನೊಂದು ದ್ವೀಪದ ಕತೆ ಹೇಳ್ತೀನಿ. ಮೆಕ್ಸಿಕೋದ ಅಜ್ಟೆಕ್ಕರ ರಾಜಧಾನಿ ತೆನೋಚ್‌ತಿತ್ಲಾನ್, ನಮ್ಮ ಪಟ್ಟಣದ ಹಾಗೇ ಸುತ್ತ ನೀರು. ಅಜ್ಟೆಕ್ಕರು ಅಲ್ಲಿಗೆ ಕೊನೇಲಿ ಬಂದ ವಲಸೆ ಜನ. ಬೇರೆಯವರ ಕೈಕೆಳಗೆ ಕೂಲಿ ಸಿಪಾಯಿಗಳಾಗಿ ದುಡಿದೋರು. ಯಾರಿಗೂ ಬೇಡದ ಜೌಗು ದ್ವೀಪದಲ್ಲಿ 1325ರ ಹೊತ್ತಿಗೆ ಗುಡಿಸಲು ಹಾಕಿದ್ರು. ಕೆರೆಯೊಳಗೇ ಕೆಸರು ಒಟ್ಟಿ ಹೊಲ ಮಾಡಿ ಜೋಳ ಬೆಳೆದ್ರು. 1428ರಲ್ಲಿ ಇನ್ನೆರಡು ಊರುಗಳ ಜೊತೆ ಸೇರಿ ಹಳೇ ದಣಿಗಳನ್ನ ಬೀಳಿಸಿದ್ರು. ಗೆದ್ದ ಮೇಲೆ ಏನು ಮಾಡಿದ್ರು ಗೊತ್ತಾ? ಹಳೇ ಚರಿತ್ರೆ ಪುಸ್ತಕ ಸುಟ್ರು. ತಾವು ಮೊದಲಿಂದಲೂ ದೊಡ್ಡೋರು ಅಂತ ಹೊಸದು ಬರೆಸಿದ್ರು. ಆಮೇಲೆ ಸುತ್ತಲ ಊರುಗಳಿಂದ ಕಪ್ಪ ವಸೂಲಿ: ಧಾನ್ಯ, ಬಟ್ಟೆ, ಬಲಿ ಕೊಡೋಕೆ ಮನುಷ್ಯರು.

1519ರಲ್ಲಿ ಸ್ಪೇನಿನ ಕೊರ್ತೆಸ್ ಬಂದಿಳಿದಾಗ ಅವನ ಹತ್ರ ಇದ್ದಿದ್ದು ಸುಮಾರು 500 ಸೈನಿಕರು. ಅಷ್ಟರಲ್ಲಿ ಸಾಮ್ರಾಜ್ಯ ಬೀಳುತ್ತಾ? ಬೀಳಿಸಿದ್ದು ಸಿಡುಬು, ಮತ್ತೆ ಕಪ್ಪ ಕೊಟ್ಟೂ ಕೊಟ್ಟೂ ರೋಸಿಹೋಗಿದ್ದ ಊರುಗಳು, ಅಜ್ಟೆಕ್ಕರಿಗೆ ಎಂದೂ ತಲೆಬಾಗದ ತ್ಲಾಸ್ಕಾಲದ ಜನ. ಸಾವಿರಾರು ಮಂದಿ ಸ್ಪೇನಿನವರ ಜೊತೆ ನಿಂತ್ರು. 1521ರ ಆಗಸ್ಟ್ 13ಕ್ಕೆ ದ್ವೀಪ ಬಿತ್ತು. ತ್ಲಾಸ್ಕಾಲದವರಿಗೆ ಒಂದಷ್ಟು ಮಾನ್ಯತೆ ಸಿಕ್ತು, ಬರ್ತಾ ಬರ್ತಾ ಅದೂ ಸವೀತು. ಬಿಟ್ಟಿ ದುಡಿಮೆ, ರೋಗ, ಹೊಸ ದಣಿ ಎಲ್ಲಾ ಬಂತು.

ಈಗ ಹೇಳು ತಮ್ಮಾ, ತ್ಲಾಸ್ಕಾಲದವರು ದ್ರೋಹಿಗಳಾ? ಯಾರಿಗೆ? ತಮ್ಮ ಮಕ್ಕಳನ್ನ ಬಲಿಕಲ್ಲಿಗೆ ಎಳ್ಕೊಂಡು ಹೋದ ರಾಜ್ಯ ಅವರದ್ದು ಯಾವತ್ತು ಆಗಿತ್ತು?

ಕೋರೆಗಾಂವೂ ಅಷ್ಟೇ. ಪೇಶ್ವೆಗಳು ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿಸಿದ ಜನ, 1818ರ ಜನವರಿ 1ರಂದು ಎದೆ ಕೊಟ್ಟು ನಿಂತ್ರು. ಬಾಬಾಸಾಹೇಬರು 1927ರಲ್ಲಿ ಆ ಕಂಬಕ್ಕೆ ಹೋಗಿ ನಮಿಸಿದ್ದು ಬ್ರಿಟಿಷರಿಗಲ್ಲ, ಆ ಎದೆಗೆ. ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರನ್ನ ಸೈನ್ಯಕ್ಕೆ ಸೇರಿಸ್ಕೊಳ್ಳೋದನ್ನೇ ನಿಲ್ಲಿಸಿದ್ರು. ಕೆಲಸ ಮುಗಿದಿತ್ತಲ್ಲ.

ಶ್ರೀರಂಗಪಟ್ಟಣದಲ್ಲಿ ಏನಾಯ್ತು ನೋಡು. ಟಿಪ್ಪು ಮಣ್ಣಾದ, ಮಕ್ಕಳನ್ನ ವೆಲ್ಲೂರಿಗೆ ಕಳಿಸಿದ್ರು. ಹೈದರನ ಕಾಲದಿಂದ ಲೆಕ್ಕ ನೋಡ್ತಿದ್ದ ಪೂರ್ಣಯ್ಯ? ಎರಡೇ ತಿಂಗಳಲ್ಲಿ ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜರ ದಿವಾನ. 1807ರಲ್ಲಿ ಯಳಂದೂರು ಜಹಗೀರು. ಸಾದಿಕ್‌ನ ಹೆಸರು ಬೈಗುಳ ಆಯ್ತು, ಪೂರ್ಣಯ್ಯನ ಹೆಸರು ಗೌರವ ಆಯ್ತು. ಪೂರ್ಣಯ್ಯ ಕೆಟ್ಟವನು ಅಂತ ನಾನು ಹೇಳ್ತಿಲ್ಲ, ಸಮರ್ಥ ಆಡಳಿತಗಾರನೇ. ನಾನು ಹೇಳ್ತಿರೋದು, ಬಿದ್ದಿದ್ದು ಕೋಟೆ ಗೋಡೆ ಮಾತ್ರ. ಶಾನುಭೋಗನ ಕಡತ, ಪಟೇಲನ ಜಗಲಿ, ಊರಾಚೆಯ ನಮ್ಮ ಕೇರಿ, ಯಾವುದೂ ಒಂದಿಂಚು ಅಲ್ಲಾಡ್ಲಿಲ್ಲ. ಮುಂದೆ ಕೆಆರ್‌ಎಸ್ ಕಟ್ಟಿ ನಾಲೆ ನೀರು ಮಂಡ್ಯಕ್ಕೆ ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಆಗಲೂ ಗದ್ದೆ ಇದ್ದೋರಿಗೆ ನೀರು. ನಮ್ಮ ಬಹುಪಾಲು ಜನರಿಗೆ ಕಬ್ಬು ಕಡಿಯೋ ಕತ್ತಿ.

2023ರ ಮಾರ್ಚಲ್ಲಿ ಮಂಡ್ಯಕ್ಕೆ ಪ್ರಧಾನಿ ಬಂದಾಗ ಉರಿಗೌಡ, ದೊಡ್ಡ ನಂಜೇಗೌಡ ಅಂತ ಕಮಾನು ಎದ್ದಿತ್ತು, ನೆನಪಿದೆಯಾ? ಟಿಪ್ಪುನ ಕೊಂದೋರು ಇವರೇ ಅಂದ್ರು. ಸಿನಿಮಾ ಮಾಡ್ತೀವಿ ಅಂದ್ರು. ದಾಖಲೆ ಕೇಳಿದ್ರೆ ಇಲ್ಲ. ಕಮಾನಿನ ಹೆಸರು ಬದಲಾಯ್ತು, ಆದಿಚುಂಚನಗಿರಿ ಸ್ವಾಮೀಜಿ ಕರೆದು ಹೇಳಿದ ಮೇಲೆ ಸಿನಿಮಾನೂ ನಿಂತಿತು. ಆದ್ರೆ ಪುಸ್ತಕ ಸುಟ್ಟು ಹೊಸದು ಬರೆಯೋ ಆಸೆ ನಿಂತಿಲ್ಲ. ನಾಳೆ ನಮ್ಮ ಹುಡುಗರ ಹೆಸರಲ್ಲೂ ಒಂದು ಕಮಾನು ಎದ್ದೀತು. "ನಿಮ್ಮೋನೇ ಕಣ್ರೋ ಕೊಂದಿದ್ದು" ಅಂತ ಕೈಗೆ ಕಲ್ಲು ಕೊಟ್ಟಾರು. ಕಲ್ಲು ಎಸೆದೋನು ಜೈಲಿಗೆ, ಕಮಾನು ಕಟ್ಟಿಸಿದೋನು ವಿಧಾನಸೌಧಕ್ಕೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ದಾಹಿರ ರಾಜನ ಸೇನಾಪತಿಗಳಿಂದ ಹಿಡಿದು, ಒಳಗಿನವರೇ ರಾಜ್ಯ ಬಿಟ್ಟುಕೊಟ್ಟ ಕತೆಗಳನ್ನ ಒಂದೊಂದಾಗಿ ಎಣಿಸಿದ್ರು. ಅಷ್ಟಕ್ಕೇ ನಿಲ್ಲಿಸ್ಲಿಲ್ಲ. ವೋಟಲ್ಲಿ ಸಮ, ಬದುಕಲ್ಲಿ ಅಸಮ ಅನ್ನೋ ಸ್ಥಿತಿ ಬೇಗ ಹೋಗದಿದ್ರೆ, ನೋವು ತಿಂದ ಜನವೇ ಈ ಕಟ್ಟಡವನ್ನ ಕೆಡವ್ತಾರೆ ಅನ್ನೋ ಅರ್ಥದಲ್ಲಿ ಎಚ್ಚರಿಸಿದ್ರು. ದ್ರೋಹಿ ಯಾರು ಅಂತ ಕೇಳೋಕೆ ಮುಂಚೆ, ಇವರಿಗೆ ಇಲ್ಲಿ ಪಾಲು ಎಷ್ಟಿತ್ತು ಅಂತ ಕೇಳ್ಬೇಕು ಅನ್ನೋದನ್ನ ನಾನು ಕಲಿತಿದ್ದು ಅಲ್ಲಿಂದ.

ತಮ್ಮಾ, ನಾವು ಟಿಪ್ಪು ಕಡೆನೂ ಅಲ್ಲ, ಕಂಪನಿ ಕಡೆನೂ ಅಲ್ಲ. ಉತ್ತವನಿಗೇ ಭೂಮಿ ಅಂದ 1794ರ ಆ ಕಲ್ಲಿನ ಮಾತಿನ ಕಡೆ. ಕೋರೆಗಾಂವಲ್ಲಿ ನಿಂತ ಎದೆ ಕಡೆ. ಎರಡೂ ಒಂದೇ ಕಡೆ ಕಣಪ್ಪ. ಯಾವ ರಾಜ್ಯವೂ ಕೊಡದ ಪಾಲನ್ನ ಬರಹದಲ್ಲಿ ಕೊಟ್ಟಿದ್ದು ಸಂವಿಧಾನ ಒಂದೇ. ಅದು ಬಿದ್ರೆ ನಮಗೆ ಹೋಗೋಕೆ ಇನ್ನೊಂದು ಸೈನ್ಯ ಇಲ್ಲ.

ಮಂಜೂರಾದ ಎರಡು ಎಕರೆ ಬಿಡಿಸಿಕೊಳ್ಳೋಕೆ ಪಿಟಿಸಿಎಲ್ ಕೇಸು ಹಿಡ್ಕೊಂಡು ಅಲೀತಿರೋ ಅಜ್ಜ ಅಜ್ಜಿಯರು ನಮ್ಮ ಮೂರೂ ತಾಲ್ಲೂಕಲ್ಲಿ ಇದ್ದಾರೆ. ಮುಂದಿನ ಸಲ ಯಾರಾದ್ರೂ ನಕ್ಕರೆ ಜಗಳಕ್ಕೆ ನಿಲ್ಬೇಡ. ಆ ಅಜ್ಜನ ಕಡತ ಓದಿ ಹೇಳೋಕೆ ಹೋಗು. ನಾನೂ ಬರ್ತೀನಿ.

ಜೈ ಭೀಮ್.