ಸೋಪು ತಗೊಂಡ್ರೇನೇ ಅಕ್ಕಿನಾ?

ರೇಷನ್ ಕೊಡೋ ದಿನ ಬಂತೂಂದ್ರೆ ನಮ್ಮ ಶಿವನಸಮುದ್ರದ ಕಡೆ ಹೆಂಗಸರ ಬಾಯಲ್ಲಿ ಎರಡೇ ಮಾತು. ಒಂದು, ‘ಸರ್ವರ್ ಐತಾ?’ ಇನ್ನೊಂದು, ‘ಈ ಸಲ ಜೊತೇಲಿ ಏನು ಕೊಡ್ತಾವ್ರೆ?’ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಊರು ನಮ್ಮದು. ಇಲ್ಲಿ ಹೆಬ್ಬೆಟ್ಟು ಒತ್ತೋ ಮೆಷಿನ್ನಿಗೆ ಸರ್ವರ್ ಸಿಗಲ್ಲ ಅಂದ್ರೆ ನಕ್ಕು ಸುಮ್ಮನಾಗಬಹುದು. ಎರಡನೇ ಮಾತು ಮಾತ್ರ ನಗೋವಂಥದ್ದಲ್ಲ.

ಅಕ್ಕಿ, ರಾಗಿ ಬೇಕೂಂದ್ರೆ ಸೋಪು, ಟೀ ಪುಡಿ, ಉಪ್ಪು ಹೀಗೆ ಏನಾದರೊಂದು ಕೊಳ್ಳಲೇಬೇಕು ಅನ್ನೋದು ರಾಜ್ಯದ ಎಷ್ಟೋ ಕಡೆ ಕೇಳಿಬರೋ ಹಳೇ ದೂರು. ಯಾವ ಅಂಗಡಿ ಅನ್ನೋದು ಬೇಡ, ನಮ್ಮ ತಾಲ್ಲೂಕಿನಲ್ಲೇ ಒಂದು ಕಡೆ ನಾನು ಕಣ್ಣಾರೆ ಕಂಡೆ. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು.

‘ಸೋಪು ಬ್ಯಾಡ ಕಣಪ್ಪ, ಮನೇಲಿ ಐತೆ’ ಅಂದರು.

‘ಎಲ್ರೂ ತಕ್ಕತಾವ್ರೆ ಕಣಜ್ಜಿ. ನಿಂಗೊಬ್ಬಳಿಗೆ ಬ್ಯಾರೆ ರೂಲ್ಸಾ? ಐವತ್ತು ರೂಪಾಯಿ ತೆಗಿ.’

ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಇದ್ದದ್ದು ಎರಡು ಹತ್ತರ ನೋಟು. ‘ಹಂಗಾರೆ ನಾಳೆ ಬಾ’ ಅಂತ ಕಾರ್ಡು ಪಕ್ಕಕ್ಕಿಟ್ಟರು. ‘ಇದಕ್ಕೆ ಸರ್ಕಾರದ ಆರ್ಡರ್ ಇದ್ಯಾಣ್ಣ? ಇದ್ರೆ ತೋರಿಸಿ’ ಅಂತ ನಾನು ಕೇಳಿದೆ. ‘ಮೇಲಿಂದ ಬತ್ತದೆ ಕಣಕ್ಕ, ನಾವೇನ್ ಮಾಡಾದು?’ ಅಂದರು. ಯಾವ ಮೇಲಿಂದ ಅನ್ನೋದಕ್ಕೆ ಉತ್ತರ ಬರಲಿಲ್ಲ. ಹಿಂದಿದ್ದ ಇನ್ನಿಬ್ಬರು ದನಿಗೂಡಿಸಿದ ಮೇಲೆ ಅಜ್ಜಿಗೆ ಅಕ್ಕಿ ಸಿಕ್ಕಿತು. ಸೋಪು ಅಲ್ಲೇ ಉಳೀತು.

ಅಂಗಡಿಯವರ ಕಷ್ಟ ಇಲ್ಲ ಅಂತಲ್ಲ. ಅವರಿಗೆ ಸಿಗೋದು ಕ್ವಿಂಟಲ್ ಲೆಕ್ಕದ ಕಮಿಷನ್ನು, ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ತಡ. ಬಾಡಿಗೆ, ತೂಕ ಹಾಕೋ ಹುಡುಗನ ಕೂಲಿ ಎಲ್ಲ ಅದರಲ್ಲೇ ಆಗಬೇಕು. ಪಕ್ಕದಲ್ಲಿ ನಾಲ್ಕು ಸಾಮಾನು ಇಟ್ಟು ಮಾರಿದರೆ ನನ್ನ ತಕರಾರಿಲ್ಲ, ಬೇಕಾದವರು ಕೊಳ್ಳಲಿ. ಆದರೆ ಬಿಪಿಎಲ್ ಕಾರ್ಡಿನವರಿಗೆ ಅನ್ನಭಾಗ್ಯದ ಅಕ್ಕಿ 2015ರಿಂದ ಉಚಿತ. ಆ ಅಕ್ಕಿಗೆ ಐವತ್ತು ರೂಪಾಯಿಯ ಸೋಪು ಕಟ್ಟಿದರೆ, ಅಕ್ಕಿಗೇ ಐವತ್ತು ರೂಪಾಯಿ ಬೆಲೆ ಇಟ್ಟ ಹಾಗಾಯ್ತಲ್ಲ? ಕಮಿಷನ್ ಸಾಲದಿದ್ದರೆ ಕೇಳಬೇಕಾದ್ದು ಸರ್ಕಾರವನ್ನ, ಅಜ್ಜಿಯ ಸೆರಗಿನ ಗಂಟನ್ನಲ್ಲ.

‘ಅಂಗಡಿ ಅಂದ್ಮೇಲೆ ರೂಲ್ಸು ಇರಲ್ವಾ?’ ಅಂತ ಕೆಲವರು ಕೇಳ್ತಾರೆ. ಇರಲಿ. 2020ರ ಲಾಕ್‌ಡೌನಿನಲ್ಲಿ ಒಂದು ಮನೆಗೆ ಇಷ್ಟೇ ಸಕ್ಕರೆ, ಇಷ್ಟೇ ಎಣ್ಣೆ ಅಂದಾಗ ಯಾರೂ ಜಗಳ ಆಡಲಿಲ್ಲ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಆಗ ಅಮೆರಿಕದಲ್ಲಿರೋ ನಮ್ಮವರು ಸೋನಾ ಮಸೂರಿಗೆ ಮುಗಿಬಿದ್ದರು, ಅಲ್ಲಿನ ಎಷ್ಟೋ ಇಂಡಿಯನ್ ಅಂಗಡಿಗಳು ‘ಮನೆಗೆ ಒಂದೇ ಮೂಟೆ’ ಅಂದವು. ಅದೇ ತಿಂಗಳು ಇಲ್ಲಿ, ಹೆಚ್ಚುವರಿ ಐದು ಕೆಜಿಗೆ ಅಕ್ಕಿ ಸಿಗದೆ, ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕೋಕೆ ಶುರು ಮಾಡಿದರು. ಇರೋದನ್ನ ನಾಲ್ಕು ಜನಕ್ಕೆ ಹಂಚೋಕೆ ಹಾಕೋದು ಮಿತಿ. ಬೇಡದ್ದನ್ನ ತಲೆಗೆ ಕಟ್ಟೋಕೆ ಹಾಕೋದು ಷರತ್ತು. ಎರಡೂ ಒಂದೇ ಅಲ್ಲ.

ಕಾನೂನೂ ಇದನ್ನೇ ಹೇಳುತ್ತೆ. ಒಂದು ಸಾಮಾನು ಬೇಕಿದ್ದರೆ ಇನ್ನೊಂದನ್ನ ಕೊಳ್ಳಲೇಬೇಕು ಅನ್ನೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಿರ್ಬಂಧಿತ ವ್ಯಾಪಾರ ಪದ್ಧತಿ. ಮಾಮೂಲಿ ಕಿರಾಣಿ ಅಂಗಡೀಲಿ ಹಾಗಂದ್ರೆ ಪಕ್ಕದ ಅಂಗಡಿಗೆ ಹೋಗಬಹುದು. ರೇಷನ್ನನ್ನೂ ಬೇರೆ ನ್ಯಾಯಬೆಲೆ ಅಂಗಡೀಲಿ ತಗೋಬಹುದು, ನಿಜ. ಆದರೆ ಮಂಡಿನೋವಿನ ಅಜ್ಜಿ ಪಕ್ಕದೂರಿಗೆ ಆಟೋ ಮಾಡ್ಕೊಂಡು ಹೋದರೆ ಸೋಪಿನ ದುಡ್ಡು ಆಟೋಗೇ ಆಯ್ತು.

ಹಾಗಾಗಿ ಮೊದಲು ‘ನಂಗೆ ಬರೀ ರೇಷನ್ ಸಾಕು’ ಅಂತ ಗಟ್ಟಿಯಾಗಿ ಹೇಳಿ. ಕೇಳದಿದ್ದರೆ ಕೊಟ್ಟ ಸಾಮಾನಿಗೆ ಬಿಲ್ಲು ಕೇಳಿ. ಬಿಲ್ಲು ಕೇಳಿದಾಗಲೇ ಎಷ್ಟೋ ಜನ ಮೆತ್ತಗಾಗ್ತಾರೆ. ಆಗಲೂ ಆಗದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರೆದು ಕೊಡಿ, ಇಲ್ಲಾ ರೇಷನ್ ಸಹಾಯವಾಣಿ 1967ಕ್ಕೆ ಫೋನ್ ಮಾಡಿ. ಬೇರೆ ಅಂಗಡಿಗಳ ದೂರಿಗೆ ಗ್ರಾಹಕ ಸಹಾಯವಾಣಿ 1915 ಇದೆ. ಒಬ್ಬರೇ ಹೋದರೆ ‘ಇವಳದ್ದು ಯಾವಾಗ್ಲೂ ಇದೇ ಗಲಾಟೆ’ ಅಂತಾರೆ. ಸ್ತ್ರೀಶಕ್ತಿ ಸಂಘದ ನಾಲ್ಕು ಜನ ಸಹಿ ಹಾಕಿ ಕೊಟ್ಟರೆ ಹಾಗನ್ನೋಕಾಗಲ್ಲ.

ನಿಮ್ಮೂರಿನ ಅಂಗಡೀಲಿ ಹೇಗೆ? ಏನು ಕೊಡ್ತಾರೆ, ಬೇಡ ಅಂದ್ರೆ ಏನಂತಾರೆ? ಬರೆದು ತಿಳಿಸಿ.